ಹಾಯಿದೋಣಿ ಯಾನ: ದಂಡೆಯ ಗೆಳೆಯರಿಗೂ ಕೆಲಸವಿದೆ

ಮಾನ್ಯ ಸಂಪಾದಕರೆ,

ನಿವೃತ್ತ ದಂಪತಿ ಹಾಯಿದೋಣಿಯಲ್ಲಿ ಕಾರವಾರದಿಂದ ಉತ್ತರಕ್ಕೆ ಹೊರಟು, ಗೋವಾ, ವೆಂಗುರ್ಲಾ, ಮಾಲವಣದ ಹಳೆಯ ಸ್ನೇಹಿತರನ್ನು ಕಾಣುತ್ತ ಸಾಗುವ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಬೆಳಗಾವಿಯವರಿಗೆ ಈ ಆಸೆ ಸಹಜ. ಚೋರ್ಲಾ ಘಾಟ್ ಇಳಿದರೆ ಗೋವಾ, ಅಂಬೋಲಿ ಇಳಿದರೆ ಸಾವಂತವಾಡಿ, ವೆಂಗುರ್ಲಾ. ಆ ದಂಡೆಯಲ್ಲಿ ಬೀಗರೋ ಕಾಲೇಜಿನ ಗೆಳೆಯರೋ ಇರುವ ಮನೆತನಗಳು ನಮ್ಮೂರಲ್ಲಿ ಬಹಳ. 2009–10ರಲ್ಲಿ ದಿಲೀಪ್ ದೋಂದೆ ಒಬ್ಬರೇ ಜಗತ್ತು ಸುತ್ತಿ ಬಂದ ನೌಕಾಪಡೆಯ ‘ಮ್ಹಾದೇಯಿ’ ಹಾಯಿನೌಕೆಗೆ ಹೆಸರು ಕೊಟ್ಟದ್ದೂ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ.

ಆದರೆ ಲೇಖನದ ಜತೆಗಿದ್ದ ವೇಳಾಪಟ್ಟಿ ನೋಡಿ ಆತಂಕವಾಯಿತು. ಇಂಥ ತಾರೀಖಿಗೆ ಇಂಥವರ ಮನೆಯಲ್ಲಿ ಊಟ ಎಂದು ಮಾತು ಕೊಟ್ಟು ಹೊರಡುವುದೇ ಈ ಪ್ರಯಾಣದ ದೊಡ್ಡ ಅಪಾಯ. ಬಿರುಗಾಳಿಗೆ ಹೆದರಿ ಎಲ್ಲರೂ ಬಂದರಿನಲ್ಲೇ ಉಳಿಯುತ್ತಾರೆ. ಕೊಟ್ಟ ಮಾತಿಗೆ ಕಟ್ಟುಬಿದ್ದವರು ಹೊರಡಬಾರದ ಹೊತ್ತಿನಲ್ಲಿ ಹೊರಡುತ್ತಾರೆ.

ಮಳೆಗಾಲ ಮುಗಿದ ಮೇಲೆ ನಮ್ಮ ಪಶ್ಚಿಮ ಕರಾವಳಿಯ ಗಾಳಿಗೆ ಒಂದು ದಿನಚರಿ ಇರುತ್ತದೆ. ನಡುರಾತ್ರಿ ದಾಟಿ ನೆಲ ತಣ್ಣಗಾದಂತೆ ಪೂರ್ವ–ಈಶಾನ್ಯದಿಂದ ಕಡಲಿನ ಕಡೆಗೆ ನೆಲಗಾಳಿ ಬೀಸುತ್ತದೆ. ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಅದು ನಿಂತು, ಒಂದೆರಡು ತಾಸು ಹಾಯಿ ಜೋತು ಬೀಳುತ್ತದೆ. ಮಧ್ಯಾಹ್ನದಿಂದ ಸಂಜೆವರೆಗೆ ವಾಯವ್ಯದ ಕಡಲಗಾಳಿ. ಉತ್ತರಕ್ಕೆ ಹೋಗುವವರಿಗೆ ಇದು ಎದುರುಗಾಳಿ. ಹಾಯಿದೋಣಿ ಗಾಳಿಗೆ ನೇರ ಮುಖ ಕೊಟ್ಟು ಹೋಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಮಾರು 45 ಡಿಗ್ರಿ ಓರೆಯಾಗಿ ಸಾಗಬೇಕು. ಹಾಗೆ ಸಾಗಿದರೆ 30 ನಾಟಿಕಲ್ ಮೈಲಿಯ ದಾರಿ 42 ಆಗುತ್ತದೆ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. 30 ಅಡಿಯ ದೋಣಿ ಎದುರಲೆಯಲ್ಲಿ ತಾಸಿಗೆ ನಾಲ್ಕು ಮೈಲಿ ಹೋದರೂ ಹತ್ತು ತಾಸು ಮೀರುತ್ತದೆ. ಗಾಳಿ ಅಷ್ಟು ಹೊತ್ತು ಇರುವುದಿಲ್ಲ. ಕತ್ತಲಾದ ಮೇಲೆ ಪರಿಚಯವಿಲ್ಲದ ಅಳಿವೆಯ (ನದಿ ಕಡಲು ಸೇರುವ ಬಾಯಿಯ) ಎದುರು ನಿಂತಿರುತ್ತೀರಿ, ಊಟ ಆರುತ್ತಿದೆ ಎಂದು ಗೆಳೆಯರ ಫೋನ್ ಬರುತ್ತದೆ, ಒಳಗೆ ನುಗ್ಗುವ ಮನಸ್ಸಾಗುತ್ತದೆ. ದೋಣಿ ಮರಳದಿಬ್ಬಕ್ಕೆ ಬಡಿಯುವುದು ಇಂಥ ಹೊತ್ತಿನಲ್ಲೇ.

ಆದ್ದರಿಂದ ಬೆಳಗಿನ ಜಾವ ನಾಲ್ಕು, ಐದಕ್ಕೆ ಲಂಗರು ಎತ್ತಿ, ನೆಲಗಾಳಿಯನ್ನು ಬಲಮಗ್ಗುಲಿಗೆ ತೆಗೆದುಕೊಂಡು ಓಡಬೇಕು. ಗಾಳಿ ನಿಂತಾಗ ಎಂಜಿನ್ ಹಾಕಬೇಕು. ಮಧ್ಯಾಹ್ನ ಎರಡರೊಳಗೆ ಮತ್ತೆ ಲಂಗರು ಬಿಟ್ಟಿರಬೇಕು. ಕಡಲಗಾಳಿ ಫೆಬ್ರುವರಿಯಿಂದ ಬಲಿಯುತ್ತ ಹೋಗಿ ಏಪ್ರಿಲ್, ಮೇ ತಿಂಗಳಲ್ಲಿ ಜೋರಾಗಿರುತ್ತದೆ. ಉತ್ತರಕ್ಕೆ ಹೋಗಲು ಡಿಸೆಂಬರ್ ಮಧ್ಯದಿಂದ ಜನವರಿ ಒಳ್ಳೆಯದು. ಅದೇ ವಾಯವ್ಯ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮಾರ್ಚ್‌ನಲ್ಲಿ ಮರಳಿ ಬರಬಹುದು. ಅಕ್ಟೋಬರ್, ನವೆಂಬರ್ ಬೇಡವೇ ಬೇಡ: 2009ರ ಫಿಯಾನ್ ಚಂಡಮಾರುತ ಕೊಂಕಣಕ್ಕೆ ಬಡಿದದ್ದು ನವೆಂಬರ್‌ನಲ್ಲಿ. ಮೇ ತಿಂಗಳಿಗೆ 2021ರ ತೌಕ್ತೆಯೇ ಸಾಕ್ಷಿ.

ದೂರಗಳನ್ನು ಅಂದಾಜಿನಲ್ಲಿ ಹೇಳುವುದಾದರೆ, ಕಾರವಾರದಿಂದ ಪಾಳೊಳೆಂ 15 ನಾಟಿಕಲ್ ಮೈಲಿ, ಅಲ್ಲಿಂದ ಮಾರ್ಮಗೋವಾ 28, ಮುಂದೆ ವೆಂಗುರ್ಲಾ 30, ಮಾಲವಣ 15, ದೇವಗಡ 20, ವಿಜಯದುರ್ಗ 12. ಇಬ್ಬರೇ ಇರುವ ದೋಣಿಗೆ ದಿನಕ್ಕೆ 30ಕ್ಕಿಂತ ಹೆಚ್ಚು ಬೇಡ. ಒಂದು ದಿನ ಓಡಿದರೆ ಒಂದು ದಿನ ನಿಲ್ಲಿ. ಪಾಳೊಳೆಂನಲ್ಲಿ ಉತ್ತರ ತುದಿಯ ಕಾಣಕೋಣ ದ್ವೀಪ ವಾಯವ್ಯದ ಅಲೆಗೆ ಸ್ವಲ್ಪ ಮರೆ ಕೊಡುತ್ತದೆ. ಆದರೂ ರಾತ್ರಿ ದೋಣಿ ಹೊಯ್ದಾಡದೆ ಇರದು. ವಾಘೋಟಣ ನದಿಯ ಮುಖದಲ್ಲಿರುವ ವಿಜಯದುರ್ಗ ಈ ಇಡೀ ದಾರಿಯಲ್ಲೇ ಒಳ್ಳೆಯ ಆಸರೆ. ಸಿಂಧುದುರ್ಗ ಕೋಟೆಯ ಸುತ್ತ, ಮಾಲವಣದ ಮುಂದೆ ನೀರಿನಡಿ ಬಂಡೆಗಳ ಸಾಲಿದೆ. ಸೂರ್ಯ ತಲೆಯ ಮೇಲಿರುವಾಗ ಮಾತ್ರ ಹೋಗಿ. ಮೊದಲ ಸಲವಾದರೆ ಸ್ಥಳೀಯ ಮೀನುಗಾರರೊಬ್ಬರಿಗೆ ಕೂಲಿ ಕೊಟ್ಟು ದೋಣಿಗೆ ಹತ್ತಿಸಿಕೊಳ್ಳಿ. ಕಾರವಾರದ ಅರ್ಗಾ, ಬಿಣಗಾ ಕಡೆಯ ನೌಕಾನೆಲೆ ಮತ್ತು ಅಂಜುದೀವ ದ್ವೀಪದ ಹತ್ತಿರ ಸುಳಿಯಲೇಬಾರದು.

ಅಳಿವೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸ್ನೇಹಿತರ ಮನೆಗಳು ಸಾಮಾನ್ಯವಾಗಿ ನದಿಯ ಒಳಗಿರುತ್ತವೆ. ಬೇತುಲ್, ತೇರೆಖೋಲ್, ಮಾಲವಣದ ಕೆಳಗಿನ ದೇವಬಾಗ, ಎಲ್ಲಿ ನೋಡಿದರೂ ನದಿಮುಖದಲ್ಲಿ ಮರಳದಿಬ್ಬ. ಮಳೆಗಾಲದ ಪ್ರವಾಹಕ್ಕೆ ಈ ದಿಬ್ಬ ಪ್ರತಿವರ್ಷ ಜಾಗ ಬದಲಿಸುತ್ತದೆ. ಹೋದ ವರ್ಷದ ಜಿಪಿಎಸ್ ಗೆರೆಯನ್ನು ನಂಬಿ ಈ ವರ್ಷ ಒಳಗೆ ಹೋಗುವಂತಿಲ್ಲ. 30 ಅಡಿಯ ದೋಣಿಯ ಕೀಲ್, ಅಂದರೆ ತಳದಿಂದ ಕೆಳಗಿಳಿದ ಭಾರದ ರೆಕ್ಕೆ, ನೀರಿನಡಿ ಒಂದೂವರೆ ಮೀಟರ್ ಇಳಿದಿರುತ್ತದೆ. ಅದರ ಕೆಳಗೆ ಇನ್ನೂ ಒಂದು ಮೀಟರ್ ನೀರು ಬೇಕು, ಏಕೆಂದರೆ ಅಲೆಯ ತಗ್ಗಿನಲ್ಲಿ ದೋಣಿ ಅರ್ಧ ಮೀಟರ್‌ಗೂ ಹೆಚ್ಚು ಕೆಳಗಿಳಿಯುತ್ತದೆ. ಒಳಗೆ ಹೋಗಬೇಕಾದದ್ದು ಭರತಿ (ಉಬ್ಬರ) ಏರುತ್ತಿರುವ ಕೊನೆಯ ಎರಡು ತಾಸಿನಲ್ಲಿ. ಏರುವ ನೀರಿನಲ್ಲಿ ತಳ ತಾಗಿದರೆ ನೀರೇ ಎತ್ತಿ ಬಿಡುತ್ತದೆ. ಇಳಿಯುವ ನೀರಿನಲ್ಲಿ ತಾಗಿದರೆ ಮುಂದಿನ ಭರತಿವರೆಗೆ, ಹತ್ತು ಹನ್ನೆರಡು ತಾಸು, ದೋಣಿ ಮಗ್ಗುಲಿಗೆ ಮಲಗಿ ಅಲೆಯ ಹೊಡೆತ ತಿನ್ನುತ್ತದೆ. ಇಳಿತದ ಹೊತ್ತಿಗೆ ನದಿಯ ಸೆಳೆತವೂ ಕಡಲ ಅಲೆಯೂ ಎದುರುಬದುರಾಗಿ, ದಿಬ್ಬದ ಮೇಲೆ ಅಲೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ಹೊರಗಿನಿಂದ ನೋಡಿದರೆ ಒಡೆಯುವ ಅಲೆಯ ಬೆನ್ನು ಮಾತ್ರ ಕಾಣುವುದರಿಂದ ನಿಜವಾದ ಎತ್ತರ ತಿಳಿಯದು. ಅರ್ಧ ತಾಸು ಹೊರಗೇ ನಿಂತು, ಮೀನುಗಾರಿಕೆ ದೋಣಿಗಳು ಯಾವ ಬದಿಯಿಂದ ಒಳಹೋಗುತ್ತವೆ ಎಂದು ನೋಡುವುದು ಎಲ್ಲಕ್ಕಿಂತ ಒಳ್ಳೆಯ ನಕಾಶೆ.

ಭರತಿಯ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಈ ವಾರ ಮಧ್ಯಾಹ್ನ ತೆರೆದಿರುವ ಅಳಿವೆ ಮುಂದಿನ ವಾರ ಅದೇ ಹೊತ್ತಿಗೆ ಮುಚ್ಚಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಭರತಿ ಎತ್ತರ, ಅಷ್ಟಮಿಯದು ಕಡಿಮೆ. ಕಾರವಾರದಲ್ಲಿ ದೊಡ್ಡ ಭರತಿಗೂ ಏರಿಳಿತ ಎರಡು ಮೀಟರ್ ಆಸುಪಾಸು, ಉತ್ತರಕ್ಕೆ ಹೋದಷ್ಟೂ ಹೆಚ್ಚುತ್ತ ಮುಂಬೈನಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಸಂಪಾದಕರಲ್ಲಿ ಒಂದು ವಿನಂತಿ: ಹವಾಮಾನ ಅಂಕಣದಲ್ಲಿ ಕಾರವಾರ ಮತ್ತು ಮಾರ್ಮಗೋವಾದ ಭರತಿ–ಇಳಿತದ ಹೊತ್ತನ್ನೂ, ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಕೊಡುವ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಬೆಳಗಾವಿ ಆವೃತ್ತಿಯಲ್ಲೇ ಹಾಕಿ. ಶನಿವಾರ, ಭಾನುವಾರ ಇಲ್ಲಿಂದ ಗೋವಾ ಕಡಲಿಗೆ ಇಳಿಯುವ ಕುಟುಂಬಗಳಿಗೂ ಅದು ಬೇಕು.

ಲಂಗರಿನ ಲೆಕ್ಕದಲ್ಲಿ ಹೊಸಬರು ಎಡವುವುದು ಇಳಿತದ ಆಳಕ್ಕೆ ಸರಪಳಿ ಬಿಟ್ಟು. ನೀರು ನಾಲ್ಕು ಮೀಟರ್, ಭರತಿ ಏರಿಕೆ ಎರಡು, ನೀರಿನಿಂದ ದೋಣಿಯ ಮೂತಿವರೆಗೆ ಒಂದು, ಒಟ್ಟು ಏಳು. ಇದರ ಐದು ಪಟ್ಟು, ಅಂದರೆ 35 ಮೀಟರ್ ಸರಪಳಿ ಬಿಡಬೇಕು. ಹೆಚ್ಚಿನ ಭಾಗ ಹಗ್ಗವಾದರೆ ಏಳು ಪಟ್ಟು, 49 ಮೀಟರ್. ಎಂಟು ಮಿಲಿಮೀಟರ್ ಸರಪಳಿ, 15 ಕಿಲೋ ಲಂಗರು ಈ ಅಳತೆಯ ದೋಣಿಗೆ ಸಾಕು. ಬಿಟ್ಟ ಮೇಲೆ ಎಂಜಿನ್ ಹಿಂದಕ್ಕೆ ಹಾಕಿ ಎಳೆಯಿರಿ, ದಂಡೆಯ ಎರಡು ಗುರುತು ಒಂದರ ಹಿಂದೊಂದು ಕದಲದೆ ನಿಂತರೆ ಹಿಡಿದಿದೆ ಎಂದರ್ಥ. ಬಂಡೆಯ ತಳದಲ್ಲಿ ಲಂಗರು ಸಿಕ್ಕಿಕೊಳ್ಳುತ್ತದೆ. ಅದರ ತಲೆಗೆ ಬೇರೊಂದು ಹಗ್ಗ ಕಟ್ಟಿ ತುದಿಗೆ ತೇಲುವ ಡಬ್ಬಿ ಬಿಟ್ಟಿದ್ದರೆ ಹಿಂಬದಿಯಿಂದ ಎಳೆದು ಬಿಡಿಸಬಹುದು.

ಇನ್ನು ಬಲೆ. ದಂಡೆಯ ಹತ್ತಿರದ ಬೀಡುಬಲೆಗಳಿಗೆ ಗುರುತು ಎಂದರೆ ಒಂದು ಪ್ಲಾಸ್ಟಿಕ್ ಕ್ಯಾನ್, ಒಂದು ಕಡ್ಡಿಗೆ ಬಟ್ಟೆ. ಕತ್ತಲಲ್ಲಿ ಏನೂ ಕಾಣುವುದಿಲ್ಲ. ಅದಕ್ಕಾಗಿ ಬೆಳಗಿನ ಜಾವ ಹೊರಟವರು ಮೊದಲು ಪಶ್ಚಿಮಕ್ಕೆ ಹೋಗಿ, 20 ಮೀಟರ್ ಆಳ ದಾಟಿದ ಮೇಲೆ ಉತ್ತರಕ್ಕೆ ತಿರುಗಬೇಕು. ಹೊರಗೆ ಹಸಿರು ದೀಪದ ಕೆಳಗೆ ಬಿಳಿ ದೀಪ ಕಂಡರೆ ಅದು ಟ್ರಾಲ್ ಬಲೆ ಎಳೆಯುವ ಬೋಟು. ಕೆಂಪಿನ ಕೆಳಗೆ ಬಿಳಿ ಇದ್ದರೆ ಬೇರೆ ಬಗೆಯ ಬಲೆ. ಬಲೆ ಹಾಕಿರುವ ಬೋಟಿಗೆ ಹಾಯಿದೋಣಿಯೇ ದಾರಿ ಬಿಡಬೇಕೆಂದು ಅಂತಾರಾಷ್ಟ್ರೀಯ ನಿಯಮವಿದೆ. ಬಲೆಯ ಮೇಲೆ ಬಂದದ್ದು ತಿಳಿದ ಕ್ಷಣ ಎಂಜಿನ್ ನ್ಯೂಟ್ರಲ್‌ಗೆ ತನ್ನಿ. ತಿರುಗುವ ಪ್ರೊಪೆಲ್ಲರ್ ಬಲೆಯನ್ನು ಸುತ್ತಿಕೊಳ್ಳುತ್ತದೆ, ನಿಂತದ್ದು ಸಾಮಾನ್ಯವಾಗಿ ಜಾರಿ ಹೋಗುತ್ತದೆ. ಬಲೆ ಕತ್ತರಿಸುವುದು ಪ್ರಾಣಕ್ಕೆ ಬಂದಾಗ ಮಾತ್ರ. ಅದು ಒಂದು ಮನೆಯ ಅನ್ನ. ಕತ್ತರಿಸಲೇಬೇಕಾಯಿತು ಎಂದರೆ ಆ ಬಂದರಿಗೆ ಹೋಗಿ ಒಡೆಯರನ್ನು ಹುಡುಕಿ ಹಣ ಕೊಡುವುದು ಮರ್ಯಾದೆ.

ಈ ಗಾತ್ರದ ಡೀಸೆಲ್ ಎಂಜಿನ್ ತಾಸಿಗೆ ಎರಡು ಲೀಟರ್ ಕುಡಿಯುತ್ತದೆ. ತಾಸಿಗೆ ಐದು ಮೈಲಿಯ ಲೆಕ್ಕದಲ್ಲಿ 30 ಮೈಲಿಗೆ 12 ಲೀಟರ್ ಎಂದಿಟ್ಟುಕೊಂಡು ಅದರ ಒಂದೂವರೆ ಪಟ್ಟು ಇರಲಿ. ಕ್ಯಾನಿನ ಡೀಸೆಲನ್ನು ಸಣ್ಣ ಜಾಲರಿಯ ಆಲಿಕೆಯಲ್ಲಿ ಸೋಸಿಯೇ ಹಾಕಬೇಕು, ನೀರು ಸೇರಿದ್ದರೆ ಎಂಜಿನ್ ನಿಲ್ಲುವುದು ಅಳಿವೆಯ ಅಲೆಗೆ ಟ್ಯಾಂಕ್ ಕದಡಿದಾಗ. ಎಂಜಿನ್ ತಣಿಸಿದ ಕಡಲನೀರನ್ನು ಹಿಂದಿನ ಕೊಳವೆ ಉಗುಳುವುದು ನಿಂತರೆ ಒಳಸೇರುವ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿದೆ ಎಂದು ತಿಳಿಯಿರಿ. ತಕ್ಷಣ ಎಂಜಿನ್ ನಿಲ್ಲಿಸದಿದ್ದರೆ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್, ಸುಟ್ಟುಹೋಗುತ್ತದೆ. ಎರಡು ಇಂಪೆಲ್ಲರ್, ಎರಡು ಫಿಲ್ಟರ್, ಒಂದು ಬೆಲ್ಟ್ ಹೆಚ್ಚಿಗೆ ಇಟ್ಟುಕೊಳ್ಳಿ.

ಲೇಖನದಲ್ಲಿ ಗಂಡ ಚುಕ್ಕಾಣಿ ಹಿಡಿದಿದ್ದರು, ಹೆಂಡತಿ ಒಲೆಯ ಮುಂದಿದ್ದರು. ಇದನ್ನು ನಾವು ಒಪ್ಪುವುದೇ ಇಲ್ಲ. ಇಬ್ಬರಲ್ಲಿ ಒಬ್ಬರು ನೀರಿಗೆ ಬಿದ್ದರೆ ಉಳಿದವರೇ ಹಾಯಿ ಇಳಿಸಬೇಕು, ಎಂಜಿನ್ ಹಚ್ಚಬೇಕು, ಬಿದ್ದವರ ಮೇಲಿನ ಕಣ್ಣು ತೆಗೆಯದೆ ದೋಣಿ ತಿರುಗಿಸಬೇಕು, ರೇಡಿಯೊದಲ್ಲಿ ಕೂಗಬೇಕು. ಹೊರಡುವ ಮುಂಚೆ ಅರ್ಧ ನೀರು ತುಂಬಿದ ಕ್ಯಾನನ್ನು ಕಡಲಿಗೆ ಎಸೆದು ಇಬ್ಬರೂ ಸರದಿಯಂತೆ, ಮತ್ತೊಬ್ಬರ ಸಹಾಯವಿಲ್ಲದೆ, ಹಿಡಿದು ತರುವುದನ್ನು ರೂಢಿ ಮಾಡಿಕೊಳ್ಳಬೇಕು. ಹತ್ತಿರ ತಂದರೂ ಮುಗಿಯಲಿಲ್ಲ. ನೆನೆದ ಬಟ್ಟೆಯ 70 ಕಿಲೋ ಮನುಷ್ಯರನ್ನು ಒಂದು ಮೀಟರ್ ಎತ್ತರಕ್ಕೆ ಒಬ್ಬರೇ ಎತ್ತಲಾಗದು. ನೀರಿನಡಿ ಮೂರು ಮೆಟ್ಟಿಲು ಇಳಿಯುವ ಏಣಿ ಬೇಕು, ಇಲ್ಲವೇ ಕೂವೆಯ (ಹಾಯಿಕಂಬದ) ಹಗ್ಗಕ್ಕೆ ಭಾರವನ್ನು ನಾಲ್ಕರಲ್ಲೊಂದು ಮಾಡುವ ರಾಟೆ ಜೋಡಣೆ. ಕತ್ತಲಲ್ಲಿ ಲೈಫ್ ಜಾಕೆಟ್ ಜತೆ, ಎದೆಪಟ್ಟಿಯ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಳ್ಳದೆ ಮೇಲೆ ಕಾಲಿಡಬಾರದು.

ನೀರು ತಲೆಗೆ ದಿನಕ್ಕೆ ಐದು ಲೀಟರ್, ಅದರಲ್ಲಿ ಮೂರು ಕುಡಿಯಲು. ಒಂದೇ ಟ್ಯಾಂಕ್ ಬೇಡ, 20 ಲೀಟರ್ ಕ್ಯಾನ್‌ಗಳಲ್ಲಿ ಹಂಚಿಡಿ. ಒಂದು ಕೆಟ್ಟರೆ ಉಳಿದವು ಇರುತ್ತವೆ. ನಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಡಲಿಗೆ ಹೇಳಿ ಮಾಡಿಸಿದಂಥವು, ಆದರೆ ಉಪ್ಪುಗಾಳಿಗೆ ರೊಟ್ಟಿ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ನಾಲ್ಕು ನಾಲ್ಕಾಗಿ ಕಟ್ಟಿ ಇಡಬೇಕು. ಸ್ನೇಹಿತರಿಗೆ ಕುಂದಾ ಒಯ್ಯುವ ಆಸೆ ಬಿಡಿ, ಐಸ್ ಇಲ್ಲದೆ ಉಳಿಯದು. ಗೋಕಾಕದ ಕರದಂಟು ಒಯ್ಯಿರಿ.

ಪರವಾನಗಿ ಇಲ್ಲದ ಸ್ಯಾಟಲೈಟ್ ಫೋನ್ ನಮ್ಮ ದೇಶದಲ್ಲಿ ಅಪರಾಧ. ಪರವಾನಗಿಯುಳ್ಳ ವಿಎಚ್‌ಎಫ್ ರೇಡಿಯೊ ಇಟ್ಟುಕೊಂಡು ಆಪತ್ತಿನ ಕರೆಯ 16ನೇ ಚಾನೆಲ್ ಕೇಳುತ್ತಿರಿ. ಉಪಗ್ರಹಕ್ಕೆ ಆಪತ್ತಿನ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಬೀಕನ್ ಇದ್ದರೆ ಬೆಂಗಳೂರಿನ ಇಸ್ರೊ ಕೇಂದ್ರದಲ್ಲಿ ನೋಂದಾಯಿಸಿ. ನೋಂದಣಿ ಇಲ್ಲದ ಬೀಕನ್ ಕೂಗಿದರೆ ಯಾರ ದೋಣಿ, ಯಾರಿಗೆ ಫೋನ್ ಮಾಡಬೇಕು ಎಂಬುದೇ ತಿಳಿಯದೆ ಹೊತ್ತು ಹೋಗುತ್ತದೆ.

ಹಳೆಯ ಗೆಳೆಯರು ನಿಜವಾಗಿ ನೆರವಾಗುವುದು ಇಲ್ಲಿಯೇ. ಅವರಿಗೆ ತಾರೀಖು ಕೊಡಬೇಡಿ. ವಾರ ಹೇಳಿ, ದಂಡೆಯ ಕಾವಲು ಒಪ್ಪಿಸಿ. ಹೊರಡುವ ಹಿಂದಿನ ರಾತ್ರಿ, ಬಿಡುವ ಊರಿನವರಿಗೂ ತಲುಪುವ ಊರಿನವರಿಗೂ ಒಂದು ಪುಟ ಕಳಿಸಿ: ದೋಣಿಯ ಹೆಸರು, ನೋಂದಣಿ ಸಂಖ್ಯೆ, ಬಣ್ಣ, ಉದ್ದ, ಒಂದು ಫೋಟೊ, ಇಬ್ಬರ ವಯಸ್ಸು, ತೆಗೆದುಕೊಳ್ಳುವ ಔಷಧಿ, ಹೊರಡುವ ಹೊತ್ತು, ದಾರಿ, ತಲುಪಲಾಗದಿದ್ದರೆ ನುಗ್ಗುವ ಇನ್ನೊಂದು ಬಂದರು, ಬೀಕನ್ ಸಂಖ್ಯೆ. ಅದರ ಕೆಳಗೆ ಎರಡು ಹೊತ್ತನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಸಂಜೆ ಐದಕ್ಕೆ ನಮ್ಮ ಫೋನ್ ಬರದಿದ್ದರೆ ನೀವು ಮಾಡಿ, ಬಂದರಿನಲ್ಲಿ ವಿಚಾರಿಸಿ. ಏಳರವರೆಗೂ ಸುದ್ದಿ ಇಲ್ಲದಿದ್ದರೆ ನಮ್ಮ ಮುಜುಗರ ಲೆಕ್ಕಿಸದೆ ಕರಾವಳಿ ಕಾವಲು ಪಡೆಯ 1554ಕ್ಕೆ, ಆಮೇಲೆ ಕರಾವಳಿ ಪೊಲೀಸರ 1093ಕ್ಕೆ ಕರೆ ಮಾಡಿ ಈ ಪುಟವನ್ನು ಓದಿ ಹೇಳಿ. ಲಂಗರು ಹಿಡಿದ ಕೂಡಲೇ, ಚಹಾಕ್ಕೆ ನೀರಿಡುವ ಮುಂಚೆ, ಇಬ್ಬರಿಗೂ ತಲುಪಿದ ಸುದ್ದಿ ಕೊಡಬೇಕು. ಅದನ್ನು ಮರೆತರೆ ಕಾವಲು ಪಡೆಯ ಹಡಗು ಸುಮ್ಮನೆ ಕಡಲಿಗಿಳಿಯುತ್ತದೆ, ಅದೇ ರಾತ್ರಿ ಬೇರೆ ಯಾರಿಗೋ ಅದು ಬೇಕಾಗಿರಬಹುದು.

ಇತಿ,
ಹಾಯಿದೋಣಿ ನಡೆಸುವ ದಂಪತಿ
ಟಿಳಕವಾಡಿ, ಬೆಳಗಾವಿ