ಮಾದರಿ ರೈಲಿಗೆ ಮರದ ಕಟ್ಟಡಗಳೂ ಬೇಕು

ಮಾನ್ಯರೇ,

ಮಾದರಿ ರೈಲುಗಳ ಹವ್ಯಾಸದ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಆದರೆ ಎಂಜಿನ್, ಹಳಿ, ವಿದ್ಯುತ್ ಜೋಡಣೆಗಳನ್ನು ಅಷ್ಟು ವಿವರವಾಗಿ ತಿಳಿಸಿದ ಲೇಖಕರು, ಹಳಿಯ ಪಕ್ಕದ ಕಟ್ಟಡಗಳ ವಿಷಯಕ್ಕೆ ಬಂದಾಗ, ಸಿದ್ಧ ಪ್ಲಾಸ್ಟಿಕ್ ಕಿಟ್ ತಂದು ಜೋಡಿಸಿದರೆ ಸಾಕು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಹಲವು ವರ್ಷಗಳಿಂದ ಮರದ ಕಡ್ಡಿಗಳಲ್ಲೇ ಶೆಡ್ಡು, ಸೇತುವೆಗಳನ್ನು ಕಟ್ಟುತ್ತಿರುವ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ.

ಇಟ್ಟಿಗೆ, ಕಲ್ಲಿನ ಗೋಡೆಗಳಿಗೆ ಪ್ಲಾಸ್ಟಿಕ್ ಚೆನ್ನಾಗಿಯೇ ಒಪ್ಪುತ್ತದೆ. ನನ್ನ ತಕರಾರು ಮೂಲತಃ ಮರದಿಂದಲೇ ಕಟ್ಟಿದ ರಚನೆಗಳ ಬಗ್ಗೆ ಮಾತ್ರ. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ಅಸಲಿನ 87ರಲ್ಲಿ ಒಂದು ಪಾಲು, ಅಂದರೆ ಒಂದು ಅಡಿಗೆ 3.5 ಮಿ.ಮೀ. ಒಂದಡಿ ದಪ್ಪದ ಚೌಕ ತೊಲೆ ಇಲ್ಲಿ 3.5 ಮಿ.ಮೀ. ಕಡ್ಡಿಯಾಗುತ್ತದೆ; ಆರಡಿಯ ಆಳು 21 ಮಿ.ಮೀ. ಎತ್ತರಕ್ಕೆ ಇಳಿಯುತ್ತಾನೆ. ಬಾಗಿಲ ಚೌಕಟ್ಟಿನಲ್ಲಿ ಅರ್ಧ ಮಿ.ಮೀ. ಸಂದು ಉಳಿದರೂ ಅದು ನಿಜದ ಕಟ್ಟಡದಲ್ಲಿ ನಾಲ್ಕು ಸೆಂ.ಮೀ.ಗೂ ಮಿಕ್ಕಿದ ಸಂದಿಗೆ ಸಮ. ಆದ್ದರಿಂದಲೇ, ಸುಲಭವಾಗಿ ಕತ್ತರಿಸಬಹುದಾದರೂ ಎಳೆ ಒರಟಾಗಿ ಕಾಣುವ ಬಾಲ್ಸಾ ಮರಕ್ಕಿಂತ ಎಳೆ ನಯವಾಗಿರುವ ಬಾಸ್‌ವುಡ್ ಮರ ಮೇಲು.

ಮರದ ಗುಣವನ್ನು ನನಗೆ ಕಲಿಸಿದ್ದು ಒಂದು ಸರಕು ಶೆಡ್. ಅದರ ಉದ್ದನೆಯ ಗೋಡೆಯ ಹೊರಬದಿಗೆ ಮಾತ್ರ ನೀರು ಬೆರೆಸುವ ಬಣ್ಣ ಬಳಿದು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಗೋಡೆ ಬಿಲ್ಲಿನಂತೆ ಬಾಗಿತ್ತು. ತೇವ ಹೀರಿದ ಬದಿಯ ಮರ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಒಣ ಬದಿ ಹಾಗೆಯೇ ಉಳಿಯುತ್ತದೆ. ಅಂದಿನಿಂದ ಎರಡೂ ಬದಿಗೆ ಬಣ್ಣ ಬಳಿದು, ಒಳಗೆ ಅಡ್ಡಪಟ್ಟಿಗಳನ್ನು ಅಂಟಿಸಿ, ಭಾರ ಹೇರಿ ಒಣಗಿಸುತ್ತಿದ್ದೇನೆ. ಮಳೆಬಿಸಿಲಿಗೆ ಮಾಸಿದ ಮರದ ಬೂದು ಛಾಯೆ ಬೇಕಾದರೆ ಆಲ್ಕೋಹಾಲ್‌ನಲ್ಲಿ ಕೆಲವೇ ಹನಿ ಇಂಡಿಯಾ ಇಂಕ್ ಎಂಬ ಕಪ್ಪು ಶಾಯಿ ಬೆರೆಸಿ ಸವರಬಹುದು. ಆದರೆ ಇದನ್ನು ಅಂಟಿಸುವ ಮೊದಲೇ ಮಾಡಬೇಕು. ಅಂಟು ತಾಗಿದ ಜಾಗ ಬಣ್ಣ ಹೀರದೆ ಬಿಳಿಚಿಕೊಂಡು ಕಾಣುತ್ತದೆ.

ಇನ್ನು ಟ್ರೆಸಲ್, ಅಂದರೆ ಸಾಲುಕಂಬಗಳ ಮರದ ಸೇತುವೆ. ಇದರ ಪ್ರತಿ ಸಾಲಿನಲ್ಲೂ ನಡುವಿನ ಕಂಬಗಳು ನೇರವಾಗಿರುತ್ತವೆ, ಅಂಚಿನವು ಬುಡದಲ್ಲಿ ಹೊರಚಾಚಿ ಓರೆಯಾಗಿರುತ್ತವೆ. ತಲೆಯ ಮೇಲೊಂದು ಅಡ್ಡತೊಲೆ, ಮೈಮೇಲೆ ಕತ್ತರಿಯಾಕಾರದ ಓರೆಪಟ್ಟಿಗಳು. ನಕ್ಷೆಯ ಮೇಲೆ ಕಡ್ಡಿಗಳನ್ನಿಟ್ಟು ಒಂದು ಸಾಲನ್ನು ಜೋಡಿಸಿ, ಓರೆಪಟ್ಟಿ ಹಚ್ಚುವ ಮೊದಲು ಬೆರಳಿನಿಂದ ಪಕ್ಕಕ್ಕೆ ಒತ್ತಿದೆ. ಇಡೀ ಸಾಲು ಹಾಗೆಯೇ ವಾಲಿತು. ಎರಡು ಪಟ್ಟಿ ಅಂಟಿಸಿ ಒಣಗಿದ ಮೇಲೆ ಒತ್ತಿದರೆ ಅಲುಗಲಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಸೇತುವೆಯಲ್ಲಿ ಆ ಪಟ್ಟಿಗಳು ಬರಿಯ ಅಲಂಕಾರ. ಮರದಲ್ಲಿ ಅವು ದೊಡ್ಡ ಸೇತುವೆಯಲ್ಲಿ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡುತ್ತವೆ. ಹಳೆಯ ಬಡಗಿಗಳು ಪ್ರತಿಯೊಂದು ತೊಲೆಯನ್ನು ಆಯಾ ಜಾಗದಲ್ಲಿ ಏಕೆ ಇಟ್ಟರೆಂಬುದು ನನಗೆ ಅರಿವಾಗಿದ್ದು ಆ ಸಂಜೆ.

ಹೊಸಬರು ಮೊದಲಿಗೇ ಸೇತುವೆಗೆ ಕೈಹಾಕಬೇಕಿಲ್ಲ. ಹಳಿ ರಿಪೇರಿಯ ಸಲಕರಣೆ ಇಡುವ ಸಣ್ಣ ಶೆಡ್ ಸಾಕು: ನಾಲ್ಕು ಗೋಡೆ, ಒಂದು ಬಾಗಿಲು, ಇಳಿಜಾರು ಚಾವಣಿ. ಹರಿತವಾದ ಬ್ಲೇಡ್, ಲೋಹದ ಅಳತೆಪಟ್ಟಿ, ಮೂಲೆಮಟ್ಟ, ಬಿಳಿಯ ಮರದಂಟು ಇದ್ದರೆ ಕೆಲಸ ಶುರುಮಾಡಬಹುದು. ಇಂಥ ಒಂದು ಶೆಡ್ಡಿನ ನಕ್ಷೆಯನ್ನು ಅಳತೆಗಳ ಸಮೇತ ಪುರವಣಿಯ ಮುಂದಿನ ಸಂಚಿಕೆಗಳಲ್ಲಿ, ಓದುಗರು ಕತ್ತರಿಸಿ ಮೇಜಿನ ಮೇಲಿಟ್ಟುಕೊಂಡು ಅದರ ಮೇಲೆಯೇ ಕಡ್ಡಿ ಜೋಡಿಸುವಷ್ಟು ದೊಡ್ಡದಾಗಿ, ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ