ಅದು ನೀರು ಕಾಯಿಸುವ ಕೆಟಲ್, ಚಹಾ ಕುದಿಸಲು ಅಲ್ಲ

ಮಾನ್ಯ ಸಂಪಾದಕರೇ,

ಜಪಾನಿನ ಬೀಡು ಕಬ್ಬಿಣದ ಕೆಟಲ್ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಚಹಾಪುಡಿ, ಹಾಲು, ಸಕ್ಕರೆ ಎಲ್ಲಾ ಅದರಲ್ಲೇ ಹಾಕಿ ಒಲೆಯ ಮೇಲೆ ಕುದಿಸಬಹುದು ಎಂದು ಬರೆದಿದ್ದು ನೋಡಿ ಸುಮ್ನೆ ಕೂರಲಾಗಲಿಲ್ಲ. ನಾನು ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಮೋಲ್ಡಿಂಗ್ ಕೆಲಸ ಮಾಡಿ ನಿವೃತ್ತನಾದವನು. ಮಗಳು ಜಪಾನಿನಿಂದ ತಂದುಕೊಟ್ಟ ಇಂಥದ್ದೇ ಕೆಟಲ್ ನಮ್ಮ ಮನೆಯಲ್ಲಿ ದಿನಾ ಒಲೆಗೇರುತ್ತದೆ.

ಜಪಾನಿನ ಬೀಡು ಕಬ್ಬಿಣದ ಕೆಟಲ್ ಎಂಬ ಹೆಸರಿನಲ್ಲಿ ಮಾರುವ ಸಾಮಾನು ಎರಡು ಬಗೆಯದು. ಒಂದು ತೆತ್ಸುಬಿನ್. ಅದರಲ್ಲಿ ಬರೀ ನೀರು ಕಾಯಿಸುತ್ತಾರೆ, ಚಹಾ ಎಲೆ ಹಾಕುವ ಪಾತ್ರೆ ಬೇರೆ. ಇನ್ನೊಂದು ಕ್ಯೂಸು. ಅದರ ಒಳಗೆ ಎನಾಮಲ್, ಅಂದರೆ ಗಾಜಿನಂಥ ಲೇಪ ಇರುತ್ತದೆ, ಜೊತೆಗೊಂದು ಸ್ಟೀಲ್ ಜಾಲರಿ. ಕಾದ ನೀರು ಸುರಿದು ಎಲೆ ನೆನೆಯಲು ಬಿಡುವುದಕ್ಕೆ ಅದು. ಉರಿಯ ಮೇಲಿಟ್ಟರೆ ಎನಾಮಲ್ ಬಿರುಕು ಬಿಡುತ್ತದೆ. ಆನ್‌ಲೈನ್‌ನಲ್ಲಿ ಬಣ್ಣಬಣ್ಣದಲ್ಲಿ, ಕಡಿಮೆ ಬೆಲೆಗೆ ಕಾಣುವುದು ಜಾಸ್ತಿ ಈ ಎರಡನೆಯದೇ. ಮುಚ್ಚಳ ತೆಗೆದು ನೋಡಿ. ಒಳಗೆ ನುಣ್ಣಗೆ ಹೊಳೆಯುತ್ತಿದ್ದರೆ ಒಲೆಗೆ ಇಡಬೇಡಿ.

ಹೆಸರುವಾಸಿ ತೆತ್ಸುಬಿನ್ ಬರುವುದು ಹೆಚ್ಚಾಗಿ ಈಶಾನ್ಯ ಜಪಾನಿನ ಇವಾತೆ ಪ್ರಾಂತ್ಯದಿಂದ. ಅಲ್ಲಿನ ಮೊರಿಯೊಕಾ ಊರಿಗೆ 17ನೇ ಶತಮಾನದಲ್ಲಿ ನಂಬು ಮನೆತನದ ದೊರೆಗಳು ಕ್ಯೋಟೊದಿಂದ ಎರಕದವರನ್ನು ಕರೆಸಿಕೊಂಡರು. ಆ ಕಸುಬಿಗೆ 1975ರಲ್ಲಿ ಜಪಾನ್ ಸರ್ಕಾರದ ಮನ್ನಣೆಯೂ ಸಿಕ್ಕಿತು. ಇದೆಲ್ಲ ನಿಮ್ಮ ಬರಹದಲ್ಲಿ ಒಂದು ಸಾಲೂ ಇರಲಿಲ್ಲ, ಅಲ್ವಾ?

ನಾನು ಕೆಟಲ್ ಕೈಗೆ ತೆಗೆದುಕೊಂಡಾಗ ಮೊದಲು ನೋಡಿದ್ದು ಗೋಡೆಯ ದಪ್ಪ. ಅಷ್ಟು ತೆಳ್ಳಗೆ ಬೀಡು ಹೊಯ್ಯುವುದು ಹುಡುಗಾಟವಲ್ಲ. ಒಳಗಿನ ಟೊಳ್ಳಿಗೆಂದು ಅಚ್ಚಿನಲ್ಲಿ ಇಡುವ ಕೋರ್ ಒಂಚೂರು ಸರಿದರೂ ಒಂದು ಬದಿ ದಪ್ಪ, ಇನ್ನೊಂದು ಬದಿ ತೂತು! ಮೈ ಮೇಲಿನ ಕಾಳುಕಾಳು ಚಿತ್ತಾರವನ್ನು ಹಸಿ ಅಚ್ಚಿನ ಒಳಮೈಗೆ ಒಂದೊಂದೇ ಚುಕ್ಕೆ ಒತ್ತಿ ಮೂಡಿಸುತ್ತಾರೆ. ಹಿಡಿಕೆಯನ್ನು ಬೇರೆಯಾಗಿ ಬಡಿದು ಮಾಡುತ್ತಾರೆ. ಉತ್ತಮ ದರ್ಜೆಯದಾದರೆ ಅದು ಒಳಗೆ ಟೊಳ್ಳು, ಹಾಗಾಗಿ ಬೇಗ ಕೈ ಸುಡುವುದಿಲ್ಲ. ಎರಕ ಆದ ಮೇಲೆ ಇದ್ದಿಲ ಬೆಂಕಿಯಲ್ಲಿ 800ರಿಂದ 1000 ಡಿಗ್ರಿ ಶಾಖಕ್ಕೆ ಸುಡುತ್ತಾರೆ. ಆಗ ಒಳಮೈಗೆ ತೆಳುವಾದ ಆಕ್ಸೈಡ್ ಪದರ ಕೂರುತ್ತದೆ. ತುಕ್ಕು ಹಿಡಿಯದಂತೆ ಕಾಯುವುದು ಅದೇ.

ಹಾಲು ಕುದಿಸಿದರೆ ತಳ ಹಿಡಿಯುತ್ತದೆ. ತಳ ಹಿಡಿದರೆ ಉಜ್ಜಬೇಕು. ಉಜ್ಜಿದರೆ ಆ ಪದರ ಹೋಯಿತು. ದೋಸೆ ಕಾವಲಿಗೆ ಸವರಿದ ಹಾಗೆ ಎಣ್ಣೆ ಸವರಿ ಎಂದೂ ಬರೆದಿದ್ದೀರಿ. ದಯವಿಟ್ಟು ಬೇಡ, ನೀರೆಲ್ಲ ಜಿಡ್ಡಾಗುತ್ತದೆ. ಸೋಪು, ಬ್ರಶ್ ಕೂಡ ಬೇಡ. ನೀರು ಪೂರ್ತಿ ಬಗ್ಗಿಸಿ ಮುಚ್ಚಳ ತೆಗೆದಿಟ್ಟರೆ ಅದರ ಬಿಸಿಗೇ ಒಣಗುತ್ತದೆ. ದಿನಗಳೆದಂತೆ ಒಳಗೆ ಬಿಳಿ ಪದರ ಕಟ್ಟುತ್ತದೆ. ಅದು ನೀರಿನ ಸುಣ್ಣದ ಅಂಶ, ಅದನ್ನು ಕೆರೆಯಬೇಡಿ. ತುಕ್ಕಿನಿಂದ ನೀರು ಕೆಂಪಾದರೆ ಒಂದಿಷ್ಟು ಹಸಿರು ಚಹಾ ಎಲೆ ಬಟ್ಟೆಯಲ್ಲಿ ಕಟ್ಟಿ ಅದರಲ್ಲೇ ಕುದಿಸಿ. ಎಲೆಯ ಟ್ಯಾನಿನ್, ಅಂದರೆ ಒಗರಿನ ಅಂಶ, ಕಬ್ಬಿಣಕ್ಕೆ ಕೂಡಿ ಕಪ್ಪು ಪದರವಾಗಿ ಅಂಟಿಕೊಳ್ಳುತ್ತದೆ. ಇದರಲ್ಲೇ ಚಹಾ ಮಾಡಿದರೆ ಕರ್ರಗಾಗುವುದೂ ಇದೇ ಕಾರಣಕ್ಕೆ.

ರಕ್ತಹೀನತೆಗೆ ಇದೇ ಮದ್ದು ಎಂಬ ನಿಮ್ಮ ಬರಹದ ಮಾತು ಮಾತ್ರ ಅಪಾಯದ್ದು. ಬರಿಗಬ್ಬಿಣದಿಂದ ಸ್ವಲ್ಪ ಕಬ್ಬಿಣದ ಅಂಶ ನೀರಿಗೆ ಇಳಿಯುವುದು ನಿಜ. ಆದರೆ ಚಹಾದ ಟ್ಯಾನಿನ್ ಅದು ಮೈಗೆ ಹತ್ತದಂತೆ ತಡೆಯುತ್ತದೆ. ಎನಾಮಲ್ ಹಚ್ಚಿದ ಪಾತ್ರೆಯಿಂದಲಂತೂ ಆ ಸ್ವಲ್ಪವೂ ಇಳಿಯುವುದಿಲ್ಲ. ಇದನ್ನು ನಂಬಿ ಯಾರಾದರೂ ಡಾಕ್ಟರು ಕೊಟ್ಟ ಗುಳಿಗೆ ಬಿಟ್ಟರೆ?

ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ. ಮಾರುವವರೂ ಒಲೆಗೆ ಇಡಬಹುದೋ ಇಲ್ಲವೋ ಎಂದು ಡಬ್ಬಿಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಲಿ.

— ಒಬ್ಬ ನಿವೃತ್ತ ಫೌಂಡ್ರಿ ಕೆಲಸಗಾರ, ಬೆಳಗಾವಿ