ಮಡಕೆ, ಗಾಲಿ, ತಕರಾರು: ಎಲ್ಲಕ್ಕೂ ನಮ್ಮ ವಂದನೆ

ನಾಟಕದ ಕೊನೆಯ ಪ್ರದರ್ಶನ ಮುಗಿಯಿತು. ಕ್ರಿ.ಪೂ. 3300ರ ಸುಮಾರಿನ ಉಕ್ರೇನಿನ ಕಥೆಯನ್ನು, ಒಂದು ಕಡೆ ಕುಕುಟೇನಿ-ಟ್ರಿಪಿಲಿಯಾ ಬೇಸಾಯಗಾರರು, ಇನ್ನೊಂದು ಕಡೆ ಹುಲ್ಲುಗಾವಲಿನ ಯಾಮ್ನಾಯ ದನಗಾಹಿಗಳು, ಕನ್ನಡದ ರಂಗಕ್ಕೆ ತರಲು ಹೆಗಲು ಕೊಟ್ಟವರಿಗೆಲ್ಲ ತಂಡದ ನಮಸ್ಕಾರ.

ಮೊದಲು ಕುಂಬಾರರಿಗೆ. ಟ್ರಿಪಿಲಿಯಾ ಮಡಕೆಯ ಸುರುಳಿ ಚಿತ್ತಾರ ಸುಡುವ ಮೊದಲೇ ಬರೆಯುವಂಥದ್ದು. ಕಪ್ಪಿಗೆ ಮ್ಯಾಂಗನೀಸ್ ಇರುವ ಕಲ್ಲಿನ ಪುಡಿ, ಕೆಂಪಿಗೆ ಕೆಮ್ಮಣ್ಣು. ಮಡಕೆ ತೀರಾ ಹಸಿಯಿದ್ದರೆ ಗೆರೆ ಹರಡುತ್ತದೆ, ಪೂರ್ತಿ ಒಣಗಿದ್ದರೆ ಬಣ್ಣ ಹಕ್ಕಳೆ ಏಳುತ್ತದೆ. ಅರೆ ಆರಿದಾಗಲೇ ಬರೆಯಬೇಕು. ಬಯಲಲ್ಲಿ ಸುಡುವಾಗ ಸೌದೆ ತಗುಲಿದ ಕಡೆ ಮಸಿ ಹಿಡಿದು ಚಿತ್ತಾರವೇ ಮುಚ್ಚಿಹೋಗುತ್ತದೆ. ಅಲ್ಲಿಯವರು ಕೆಳಗೆ ಬೆಂಕಿ, ಮೇಲೆ ಮಡಕೆ, ನಡುವೆ ತೂತಿನ ಹಾಸು ಇರುವ ಆವಿಗೆ ಕಟ್ಟಿದ್ದು ಇದಕ್ಕೇ. ನಮ್ಮ ಕುಂಬಾರರು ಸೌದೆಗೂ ಮಡಕೆಗೂ ನಡುವೆ ಬೋಕಿಚೂರು ಜೋಡಿಸಿ ಅದೇ ಕೆಲಸ ತೆಗೆದರು.

ಗಾಡಿ ಮಾಡಿಕೊಟ್ಟ ಬಡಗಿಗಳಿಗೆ. ದಿಮ್ಮಿಯನ್ನು ಅಡ್ಡಕ್ಕೆ ಕೊಯ್ದರೆ ಗಾಲಿ ಆಯಿತು ಅನ್ನುವವರು ಬಹಳ. ಅಂಥ ಬಿಲ್ಲೆ ಒಣಗುತ್ತಾ ನಡುವಿನಿಂದ ಅಂಚಿನವರೆಗೆ ಸೀಳುತ್ತದೆ. ಉದ್ದಕ್ಕೆ ಸೀಳಿದ ಹಲಗೆಗಳನ್ನು ಮರದ ಗೂಟ ಬಡಿದು ಕೂಡಿಸಿ ದುಂಡಗೆ ಕೆತ್ತಿದರು. ಎಳೆಯುವುದಕ್ಕೆ ಎತ್ತು. ಅರೆಕಾಲಿನ ಗಾಲಿ, ಕುದುರೆ ಕಟ್ಟಿದ ರಥ ಕಾಣುವುದು ಕ್ರಿ.ಪೂ. 2000ದ ಆಸುಪಾಸು, ರಷ್ಯದ ಯೂರಲ್ ಬೆಟ್ಟಗಳ ಬಳಿಯ ಸಿಂತಾಷ್ಟದಲ್ಲಿ.

ಪೋಸ್ಟರಿನಲ್ಲಿ ಕುದುರೆ ಸವಾರರ ದಂಡು ಬೇಡವೆಂದು ಹಟ ಹಿಡಿದ ಇತಿಹಾಸದ ಮೇಷ್ಟ್ರಿಗೆ ದೊಡ್ಡ ಸಲಾಮು. ಸ್ಟೆಪ್ಪಿಯಿಂದ, ಅಂದರೆ ಆ ಹುಲ್ಲುಗಾವಲಿನಿಂದ, ಜನ ಪಶ್ಚಿಮಕ್ಕೆ ನುಗ್ಗಿದರೆಂದು ಪುರಾತತ್ವಜ್ಞೆ ಮರಿಯಾ ಗಿಂಬುಟಾಸ್ 1956ರಲ್ಲೇ ವಾದ ಹೂಡಿದ್ದರು. ಅದಕ್ಕೆ ಮೊದಲಿನ ಬೇಸಾಯದ ಊರುಗಳು ದೇವಿಯನ್ನು ಪೂಜಿಸುವ, ಮೇಲುಕೀಳಿಲ್ಲದ, ಶಾಂತ ಊರುಗಳೆಂದು ಆಮೇಲೆ ಹೇಳಿದರು. ದೊಡ್ಡ ವಲಸೆ ನಡೆದದ್ದನ್ನು 2015ರ ಡಿಎನ್‌ಎ ಅಧ್ಯಯನಗಳು ತೋರಿಸಿದವು. ಆದರೆ ಇಂದಿನ ಸಾಕು ಕುದುರೆಯ ತಳಿ ಹರಡಿದ್ದು ಕ್ರಿ.ಪೂ. 2200ರ ನಂತರ. 300 ಹೆಕ್ಟೇರು ಮೀರಿದ್ದ ತಾಲ್ಯಾಂಕಿಯಂಥ ಟ್ರಿಪಿಲಿಯಾ ಊರು ಯಾಮ್ನಾಯರು ಬರುವ ಮೊದಲೇ ಬರಿದಾಗಿತ್ತು. ಆ ಊರುಗಳಲ್ಲಿ ಸಿಕ್ಕ ಸುಟ್ಟ ಮನೆಗಳೆಲ್ಲ ದಾಳಿಯ ಗುರುತಲ್ಲ. ಒಳಗೆ ಸೌದೆ ಒಟ್ಟಿ ಊರಿನವರೇ ಬೇಕೆಂದು ಸುಟ್ಟದ್ದು ಅನ್ನುವ ವಾದ ಗಟ್ಟಿಯಾಗಿದೆ. ಬಲ್ಗೇರಿಯಾದ ವರ್ನಾದಲ್ಲಿ 1972ರಲ್ಲಿ ಸಿಕ್ಕ ಸ್ಮಶಾನದ 43ನೆಯ ಗೋರಿಯಲ್ಲಿ ಒಬ್ಬ ಗಂಡಸಿನ ಜೊತೆ ಸುಮಾರು ಒಂದೂವರೆ ಕಿಲೋ ಚಿನ್ನವಿತ್ತು, ಅದೂ ಯಾಮ್ನಾಯರಿಗಿಂತ ಸಾವಿರ ವರ್ಷ ಹಿಂದೆ. ಹೀಗಿರುವಾಗ ದೇವಿಯ ಊರಿನವರೆಲ್ಲ ಸಾಧುಗಳು, ಬಂದವರೆಲ್ಲ ರಕ್ಕಸರು ಎಂದು ಹೇಗೆ ಆಡುವುದು?

ತಾಲೀಮಿಗೆ ಬಂದ ತುಳುನಾಡಿನ ಅಕ್ಕಂದಿರಿಗೂ ಋಣಿ. ಅಳಿಯಕಟ್ಟಿನಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದರೂ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿರುತ್ತಿತ್ತು ಎಂದು ಅವರು ನೆನಪಿಸಿದ ಮೇಲೆಯೇ ಕಣಜದ ದೃಶ್ಯದಲ್ಲಿ ಪೂಜಾರಿಣಿಯ ಅಣ್ಣ ಬಂದದ್ದು. ನಮ್ಮ ಮಟ್ಟಿಗೆ ಇಡೀ ನಾಟಕದಲ್ಲಿ ಒಳ್ಳೆಯ ದೃಶ್ಯ ಅದೇ.

ಮಡಕೆಗಳನ್ನು ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಕೊಡುತ್ತಿದ್ದೇವೆ. ಗಾಡಿ ಬೇಕಾದ ತಂಡದವರು ಕೇಳಿ ಒಯ್ಯಬಹುದು. ಅಚ್ಚಿಗೆ ಕೀಲೆಣ್ಣೆ ಹಾಕದೆ ರಂಗಕ್ಕೆ ಎಳೆಯಬೇಡಿ, ಅದು ಕಿರುಗುಟ್ಟುವ ಸದ್ದಿಗೆ ಮಾತು ಎರಡನೆಯ ಸಾಲನ್ನೂ ಮುಟ್ಟುವುದಿಲ್ಲ.